ಚಕ್ರ ಇಳಿಸದ ಸಿಮ್ಯುಲೇಟರ್ ಮಹಾಶಯರಿಗೆ

ಮಾನ್ಯರೇ,

ಕಂಪ್ಯೂಟರಿನೊಳಗಿನ ಸಮಸ್ತ ಆಕಾಶಕ್ಕೂ, ಅದರಲ್ಲಿ ತೇಲುವ ಮೋಡಗಳಿಗೂ, ಒಂದು ನಾಯಿಯೂ ಅಡ್ಡ ಬಾರದ ಅಚ್ಚುಕಟ್ಟಾದ ರನ್‌ವೇಗಳಿಗೂ ಒಡೆಯರಾಗಿರುವ ಫ್ಲೈಟ್ ಸಿಮ್ಯುಲೇಟರ್ ಮಹಾಶಯರಿಗೆ, ಜೀವಮಾನದಲ್ಲಿ ಎಂಟನೆಯ ಮಹಡಿಗಿಂತ ಮೇಲೆ ಹೋಗದ ನಿವೃತ್ತ ಲಿಫ್ಟ್ ಮೆಕ್ಯಾನಿಕನೊಬ್ಬನ ಅನಂತ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ ನೆಲಕ್ಕಪ್ಪಳಿಸಿಯೂ ತಾವು ಕೂದಲು ಕೊಂಕದೆ ಎದ್ದು ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮ ಸಹವಾಸ ನನಗೇಕೆ ಬೇಕಾಯಿತೆಂಬುದನ್ನು ಮೊದಲು ನಿವೇದಿಸುತ್ತೇನೆ. ನನ್ನ ಮನೆಯಾಕೆಯ ಅಕ್ಕ ಸಮುದ್ರದಾಚೆ ಇದ್ದಾರೆ. ಅವರಿಗೆ ಬೆನ್ನುಮೂಳೆಯ ಆಪರೇಷನ್ ಆಗಬೇಕು; ತಂಗಿ ಬಂದು ಪಕ್ಕದಲ್ಲಿ ಕೂರುವ ತನಕ ಡಾಕ್ಟರರ ಕೈಗೆ ಬೆನ್ನು ಕೊಡುವುದಿಲ್ಲವೆಂದು ಹಟ ಹಿಡಿದರು. ತಂಗಿಗೋ ವಿಮಾನವೆಂದರೆ ಎದೆ ಝಲ್ಲೆನ್ನುತ್ತದೆ. ಲಿಫ್ಟಿಗೆ ಹೆದರುವವರನ್ನು ನಾನು ಮೇಲಿನ ಯಂತ್ರದ ಕೋಣೆಗೆ ಕರೆದೊಯ್ದು, ಹಗ್ಗ, ಬ್ರೇಕು, ಮೋಟಾರು ತೋರಿಸಿ ಕಳಿಸುತ್ತಿದ್ದೆ. ಮರುದಿನದಿಂದ ಅವರು ಒಂದು ಮಹಡಿಗೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದೇ ಮದ್ದನ್ನು ಮನೆಯಾಕೆಗೂ ಕೊಡಲು ಹೊರಟೆ. ವಿಮಾನದ ಮುಂಭಾಗವನ್ನು ಮನೆಯಲ್ಲೇ ಕಟ್ಟಿ, ತಮಗೆ ಜೋಡಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ, ಒಂದೇ ಒಂದು ಸಲ, ಸುಖವಾಗಿ ಇಳಿಸಿ ತೋರಿಸಿದರೆ ಸಾಕೆಂಬುದು ನನ್ನ ಆಸೆಯಾಗಿತ್ತು.

ಊಟದ ಮೇಜು ವರಾಂಡಕ್ಕೆ ಹೋಯಿತು. ಹಳೆಯ ಬೀರುವಿನ ಬಾಗಿಲು ಮುಂದಿನ ಫಲಕವಾಯಿತು, ಹೊಲಿಗೆ ಯಂತ್ರದ ಪೆಡಲು ವಿಮಾನದ ಬಾಲ ತಿರುಗಿಸುವ ಪೆಡಲಾಯಿತು, ನಲ್ಲಿಯ ಪೈಪು ಬಗ್ಗಿ ಸ್ಟೀರಿಂಗ್ ಆಯಿತು. ಕೆಡವಿದ ಕಟ್ಟಡವೊಂದರ ಲಿಫ್ಟಿನಿಂದ ಬಿಚ್ಚಿ ತಂದಿದ್ದ ಗುಂಡಿಗಳನ್ನೆಲ್ಲ ಸಾಲಾಗಿ ಕೂರಿಸಿದೆ. ಹೀಗಾಗಿ ನಮ್ಮ ವಿಮಾನದಲ್ಲಿ ದೀಪ ಹತ್ತಿಸಲು ಮೂರನೆಯ ಮಹಡಿಯನ್ನೂ ಬ್ರೇಕು ಹಾಕಲು ನೆಲಮಹಡಿಯನ್ನೂ ಒತ್ತಬೇಕಾಗಿತ್ತು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ ಮಾಡುವುದನ್ನು ಮನೆಯಾಕೆ ಹೊಟ್ಟೆಗೆ ಹಾಕಿಕೊಂಡಳು.

ಎಲ್ಲ ತಂತಿಗಳನ್ನೂ ಒಂದು ಬೆರಳುದ್ದದ ಬೋರ್ಡಿಗೆ ಬೆಸೆದು, ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ಕೈ ಕಟ್ಟಿಕೊಂಡು ನಿಂತಾಗ ತಾವು ಅದನ್ನು 'ಅಪರಿಚಿತ ಸಾಧನ' ಎಂದು ಕರೆದಿರಿ. ಅಪರಿಚಿತರನ್ನು ಒಳಗೆ ಬಿಡದ ತಮ್ಮ ಎಚ್ಚರಿಕೆಯನ್ನು ನಾನು ಮೆಚ್ಚುತ್ತೇನೆ. ವಾರಗಟ್ಟಲೆ ಪರಿಚಯ ಮಾಡಿಸಿದ ಮೇಲೆ ತಾವು ಒಪ್ಪಿಕೊಂಡಿರಿ, ಒಪ್ಪಿಕೊಂಡ ಮರುಕ್ಷಣವೇ ವಿಮಾನವು ದೀಪಗಳನ್ನೆಲ್ಲ ಹತ್ತಿಸಿ, ಬ್ರೇಕು ಒತ್ತಿ, ಎಂಜಿನ್ ಏರಿಸಿ, ಬಾಗಿಲು ತೆರೆದು, ನಿಂತಲ್ಲೇ ಅರಚತೊಡಗಿತು. ಸ್ವಾಮಿ, ನಮ್ಮ ಕಸುಬಿನಲ್ಲಿ ಕಾವಲಿನ ತಂತಿಯೊಳಗೆ ಸದಾ ಕರೆಂಟು ಹರಿಯುತ್ತಿರಬೇಕು. ತಂತಿ ಕಡಿದರೆ ಕರೆಂಟು ನಿಲ್ಲುತ್ತದೆ, ಕರೆಂಟು ನಿಂತರೆ ಲಿಫ್ಟ್ ನಿಲ್ಲುತ್ತದೆ, ಒಳಗಿದ್ದವರು ಬದುಕಿಕೊಳ್ಳುತ್ತಾರೆ. ಆ ಅಭ್ಯಾಸದಂತೆ ನಾನು ಗುಂಡಿ ಮುಟ್ಟದಿದ್ದಾಗ ಕರೆಂಟು ಹರಿಯುವಂತೆ, ಒತ್ತಿದಾಗ ನಿಲ್ಲುವಂತೆ ಜೋಡಿಸಿದ್ದೆ. ತಾವೋ ಕರೆಂಟು ಕಂಡಲ್ಲೆಲ್ಲ ಯಾರೋ ಗುಂಡಿ ಒತ್ತಿ ಹಿಡಿದಿದ್ದಾರೆಂದು ನಂಬಿದಿರಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ತಾವು ನಗಬಹುದು. ಆದರೆ ಎರಡು ಕೈಯಿರುವ ಒಬ್ಬ ಮುದುಕ ಅಷ್ಟೂ ಗುಂಡಿಗಳನ್ನು ಒಟ್ಟಿಗೆ ಒತ್ತುವುದು ಹೇಗೆಂದು ತಾವು ಒಂದು ಗಳಿಗೆ ಯೋಚಿಸಬಹುದಿತ್ತು.

ಕಸುಬಿನ ಮರ್ಯಾದೆ ಬಿಡಲಾರದೆ ಕೆಲವು ದಿನ ಹಟ ಮಾಡಿದೆ. ಕೊನೆಗೆ ಸೋತು, ಚಕ್ರ ಇಳಿಸುವ ಹಿಡಿಕೆಯೊಂದರ ತಂತಿಯನ್ನು ಮಾತ್ರ ತಮಗೆ ಬೇಕಾದಂತೆ ತಿರುಗಿಸಿದೆ. ಅಷ್ಟರಲ್ಲಿ ನನ್ನ ಭಾವಮೈದುನ ಬಂದು, ತಂತಿ ಮುಟ್ಟುವುದೇ ಬೇಡ, ತಮ್ಮ ಸೆಟ್ಟಿಂಗ್ಸ್ ಪುಟದಲ್ಲಿ 'ತಿರುವುಮುರುವು' ಎಂಬ ಚೌಕವಿದೆ, ಅದಕ್ಕೊಂದು ಗುರುತು ಹಾಕಿದರೆ ಎಲ್ಲ ಗುಂಡಿಗಳೂ ನೆಟ್ಟಗಾಗುತ್ತವೆಂದು ಹಾಕಿಯೇಬಿಟ್ಟ. ಎಲ್ಲವೂ ನೆಟ್ಟಗಾದವು, ಮೊದಲೇ ನೆಟ್ಟಗಿದ್ದ ಚಕ್ರದ ಹಿಡಿಕೆಯೊಂದನ್ನು ಬಿಟ್ಟು; ಅದು ತಲೆಕೆಳಗಾಯಿತು. ಚಕ್ರ ಇಳಿಯಿತೆಂದು ಸಾರಬೇಕಾದ, ಹಿಡಿಕೆಯ ಪಕ್ಕದ ಹಸಿರು ದೀಪವನ್ನು ನಾನು ವಿಮಾನವನ್ನು ಕೇಳಿ ಉರಿಯುವಂತೆ ಮಾಡದೆ, ಹಿಡಿಕೆಯನ್ನೇ ಕೇಳಿ ಉರಿಯುವಂತೆ ಮಾಡಿದ್ದೆ. ಆದ್ದರಿಂದ ಹಿಡಿಕೆ ಕೆಳಗೆ ಬಂದು, ಹಸಿರು ದೀಪ ಹತ್ತಿದಾಗ, ಚಕ್ರಗಳು ವಿಮಾನದ ಹೊಟ್ಟೆಯೊಳಗೆ ಬೆಚ್ಚಗೆ ಮಡಚಿಕೊಳ್ಳುತ್ತಿದ್ದವು.

ಇದು ನಮ್ಮಿಬ್ಬರಿಗೂ ತಿಳಿದದ್ದು ಆಮೇಲೆ; ಆಗ ತಿಳಿಯದೆ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಮೋಡದಿಂದ ಇಳಿದೆವು, ರನ್‌ವೇ ನೇರವಾಗಿ ಕಂಡಿತು, ಹಿಡಿಕೆ ಎಳೆದೆ, ನೋಡು ಹಸಿರು ದೀಪ, ಇನ್ನು ಭಯವಿಲ್ಲ ಎಂದು ಹೇಳಿದೆ. ವಿಮಾನ ಹೊಟ್ಟೆಯ ಮೇಲೆ ಬಿದ್ದು, ಕಿಡಿ ಕಾರುತ್ತ ಜಾರಿ, ಹೊತ್ತಿಕೊಂಡಿತು. ಅದು ಮೂರು ಸಲ ಆಯಿತು. ಮೂರು ಸಲವೂ ತಾವು ತೆರೆಯ ಮೇಲೆ 'ಮತ್ತೊಮ್ಮೆ ಪ್ರಯತ್ನಿಸುವಿರಾ?' ಎಂದು ಕೇಳಿದಿರಿ. ಸುಟ್ಟು ಬೂದಿಯಾದವರನ್ನು ಇಷ್ಟು ಅಕ್ಕರೆಯಿಂದ ವಿಚಾರಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ದಯವಿಟ್ಟು ತಮ್ಮ ಆಕಾಶದಲ್ಲಿ ಹೆದರಿದ ಹೆಂಗಸರು ಕೂತಿರುವಾಗಲಾದರೂ ಭೂಮಿಯ ಸೆಳೆತವನ್ನು ಅರ್ಧಕ್ಕಿಳಿಸಬೇಕೆಂದೂ, ರನ್‌ವೇಗೆ ಹಾಸಿಗೆ ಹಾಸಿಸಬೇಕೆಂದೂ, ಬೆಂಕಿಯ ಬದಲು 'ಸುಖವಾಗಿ ತಲುಪಿದಿರಿ' ಎಂಬ ಎರಡು ಪದ ಬರೆಸಬೇಕೆಂದೂ ಕೋರುತ್ತೇನೆ.

ಮೂರನೆಯ ಬೆಂಕಿ ಆರಿದ ಮೇಲೆ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅಕ್ಕನ ಬೆನ್ನಿಗೂ ನಾನೇ ಕಲ್ಲು ಹಾಕಿದೆನೆಂದು ಕುಗ್ಗಿಹೋದೆ. ಅವಳು ಸೆರಗು ಬಿಟ್ಟು, ನನ್ನ ಕಡೆ ತಿರುಗಿ ಕೇಳಿದಳು:

"ರೀ, ಅಲ್ಲಿ ವಿಮಾನ ಓಡ್ಸೋರು ನೀವಲ್ಲ ತಾನೆ? ಹಾಗಾದ್ರೆ ಟಿಕೆಟ್ ಮಾಡ್ಸಿ, ಹೋಗ್ಬರ್ತೀನಿ."

ಹೋದಳು. ಅಕ್ಕನ ಆಪರೇಷನ್ ಆಯಿತು, ಕೋಲು ಹಿಡಿದು ನಡೆಯುತ್ತಿದ್ದಾರೆ. ಹೋದ ದಿನ ವಿಮಾನ ಇಳಿಯುವಾಗ ಕಾಲಡಿಯಿಂದ ದಢಾರೆಂದು ಸದ್ದು ಬಂದು ಪಕ್ಕದ ಸೀಟಿನ ಹೆಂಗಸು ಚೀರಿದಾಗ, ಹೆದರಬೇಡಿ, ಇದು ಚಕ್ರ ಇಳಿಯೋ ಸದ್ದಿರಬೇಕು, ನಮ್ಮ ಮನೆಯವರ ವಿಮಾನದಲ್ಲಿ ಇದು ಒಂದು ಸಲವೂ ಬರಲಿಲ್ಲ ಎಂದು ಇವಳೇ ಸಮಾಧಾನ ಮಾಡಿದಳಂತೆ. ಫೋನಿನಲ್ಲಿ ಅದನ್ನು ಹೇಳಿ ಅವಳು ನಕ್ಕಾಗ ನನಗೆ ಅಳು ಬಂದಿತು. ಅದರಲ್ಲಿ ಸಂತೋಷವೆಷ್ಟು, ಅವಮಾನವೆಷ್ಟು ಎಂದು ಬೇರ್ಪಡಿಸುವ ಚೌಕ ತಮ್ಮ ಪುಟದಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ಇಂತು, ನೆಲದ ಮೇಲಷ್ಟೇ ಸುರಕ್ಷಿತನಾದ, ಆದರೂ ತಮ್ಮ ವಿಶ್ವಾಸಿ,
ಊಟದ ಕೋಣೆಯ ಪೈಲಟ್

ತಾ.ಕ.: ಬರುವ ತಿಂಗಳು ನಾನೂ ಅಲ್ಲಿಗೆ ಬರಬೇಕೆಂದು ಅಕ್ಕತಂಗಿಯರ ಅಪ್ಪಣೆಯಾಗಿದೆ. ನಾನು ಈವರೆಗೆ ನಿಜವಾದ ವಿಮಾನ ಹತ್ತಿದವನಲ್ಲವೆಂಬುದು ಅವರಿಗೆ ನೆನಪಿಲ್ಲ, ನನಗೆ ನೆನಪಿದೆ. ಆ ವಿಮಾನದ ಪೈಲಟರು ತಮ್ಮಲ್ಲಿ ಕಲಿತವರಲ್ಲವೆಂದು ತಾವು ಒಂದು ಸಾಲು ಬರೆದು ಕಳಿಸಿದರೆ ಧೈರ್ಯವಾಗಿ ಹತ್ತುತ್ತೇನೆ.