ನಗೋಯಾಕ್ಕೆ ಹೋದ ಸ್ಟೀಲ್ ಡಬ್ಬಿ

ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹೊಸದುರ್ಗ ತಾಲ್ಲೂಕಿನಲ್ಲೇ ಇಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ನಾನು ಬ್ಲೌಸ್ ಹೊಲಿಯುವವಳು. ಅಳತೆ ತೆಗೆದುಕೊಳ್ಳುವಷ್ಟರಲ್ಲಿ ಬಂದವರ ತವರುಮನೆ, ಗಂಡನ ಸಕ್ಕರೆ ಕಾಯಿಲೆ, ಸೊಸೆಯ ಸ್ವಭಾವ ಎಲ್ಲವೂ ನನ್ನ ಟೇಪಿಗೆ ಸಿಕ್ಕಿರುತ್ತವೆ. ಇಂಥ ನಾನು ಜಪಾನ್ ದೇಶಕ್ಕೆ ಹೋಗಿ ಒಬ್ಬ ಅಜ್ಜಿಯ ಪರಿಚಯ ಮಾಡಿಕೊಳ್ಳಲು ಹೊರಟು, ಆಕೆ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಮನೆಯ ದೀಪ ಆರಿಸಿಕೊಂಡು ಕೂರುವಂತೆ ಮಾಡಿದೆ. ಅದು ಹೇಗಾಯಿತೆಂಬುದನ್ನು ಸವಿನಯವಾಗಿ ನಿವೇದಿಸಿಕೊಳ್ಳುತ್ತೇನೆ.

ಪುಷ್ಪ ನನ್ನ ಕಾಲೇಜಿನ ಗೆಳತಿ, ಹೊಳಲ್ಕೆರೆಯವಳು. ನಾನು ರಾಮಗಿರಿಯಿಂದ ಮೊದಲ ಬಸ್ಸಿಗೆ ಓಡಿಬರುತ್ತಿದ್ದವಳು. ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವ ಮೊದಲೇ ಆ ಬಸ್ಸು ಬರುತ್ತಿತ್ತು. ಹಾಗಾಗಿ ಮೂರು ವರ್ಷ ಮಧ್ಯಾಹ್ನ ನಾನು ಉಂಡಿದ್ದು ಪುಷ್ಪನ ಡಬ್ಬಿಯಿಂದ. ಈಗ ಅವಳು ಗಂಡ ರುದ್ರೇಶನ ಜೊತೆ ನಗೋಯಾ ಎಂಬ ಊರಿನಲ್ಲಿದ್ದಾಳೆ. ರುದ್ರೇಶ ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಅವರು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಯಿತು.

ಒಂದು ದಿನ ಪುಷ್ಪ ಫೋನ್ ಮಾಡಿದಳು.

"ಲೇ ಸರೋಜಿ, ಮೆಟ್ಲಾಗೆ ಜಾರಿಬಿದ್ದು ಕಾಲು ಮುರ್ಕಂಡೀನಿ ಕಣೆ. ರುದ್ರೇಶ ಬರೋಗಂಟ ಮೂರು ತಾಸು ಮೆಟ್ಲ ಮ್ಯಾಲೇ ಕುಂತಿದ್ದೆ."

"ಮೂರು ತಾಸಾ? ಅಕ್ಕಪಕ್ಕದೋರನ್ನ ಕೂಗಕಾಗ್ಲಿಲ್ವೇನೆ?"

"ಯಾರನ್ನಂತ ಕೂಗ್ಲಿ? ನಾಲ್ಕು ವರ್ಷದಾಗೆ ಒಬ್ರ ಬಾಗ್ಲೂ ತಟ್ಟಿಲ್ಲ ನಾನು."

ಆ ಮಾತು ನನ್ನ ಎದೆಗೆ ಚುಚ್ಚಿತು. ನಮ್ಮ ಬೀದಿಯಲ್ಲಿ ಕಾಲು ಎಡವಿದರೆ ಸಾಕು, ಏಳುವ ಮೊದಲೇ ನಾಲ್ಕು ಮನೆಯಿಂದ ಅರಿಶಿನ ಬಂದಿರುತ್ತದೆ. ಪುಷ್ಪನಂಥವಳು ತಟ್ಟಲು ಒಂದು ಬಾಗಿಲಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದಳೆಂದರೆ!

"ನಾನೇ ಬತ್ತೀನಿ ತಡಿ," ಎಂದೆ. "ವಾಪಸ್ ಹೊರಡೋದ್ರೊಳಗೆ ನಿನಗೊಂದು ಬಾಗ್ಲು ಮಾಡಿಕೊಟ್ಟೇ ಹೊರಡೋದು."

ಟಿಕೆಟ್ಟನ್ನು ಅವಳೇ ಕಳಿಸಿದಳು. ನನ್ನ ಯಜಮಾನರು ತಿಪ್ಪೇಸ್ವಾಮಿಯವರು ಕನ್ನಡಕ ಮೇಲೇರಿಸಿ ಕೇಳಿದರು, "ಜಪಾನಿ ಭಾಷೆ ಬರುತ್ತೇನೆ ನಿನಗೆ?"

"ಡಬ್ಬಿಗೆ ಯಾವ ಭಾಷೆ ಬೇಕ್ರಿ?" ಎಂದೆ.

ನನ್ನ ಆಯುಧ ಅದೇ, ಮುಚ್ಚಳ ಬಿಗಿಯಾಗಿರುವ ಒಂದು ಸ್ಟೀಲ್ ಡಬ್ಬಿ. ತಿಂಡಿ ಹಾಕಿ ಕೊಟ್ಟರೆ ಎಂಥ ಮನೆಯ ಬಾಗಿಲೂ ತೆರೆಯುತ್ತದೆ. ಇನ್ನೊಬ್ಬರ ಪಾತ್ರೆ ನಮ್ಮ ಮನೆಗೆ ಬಂದರೆ ಅದನ್ನು ಖಾಲಿ ಕೊಡಬಾರದು, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮವ್ವನ ಕಾನೂನು. ಹೊರಡುವಾಗ ಯಜಮಾನರಿಗೂ ಅದನ್ನೇ ಹೇಳಿದೆ, "ಬೀದಿಯೋರು ಸಾರು ಪಲ್ಯ ಕೊಟ್ರೆ ಪಾತ್ರೆ ಖಾಲಿ ಕೊಟ್ಟುಬಿಟ್ಟೀರ, ಮರ್ಯಾದೆ ಹೋಗ್ತೈತೆ." ಅವರು ಪೇಪರ್ ಓದುತ್ತಾ "ಹೂಂ" ಎಂದರು. ಆ ಹೂಂ ಮುಂದೆ ನನಗೆ ಎಷ್ಟು ಭಾರವಾಗುತ್ತದೆಂದು ಆಗ ತಿಳಿಯಲಿಲ್ಲ.

ನಗೋಯಾದಲ್ಲಿ ಪುಷ್ಪನ ಮನೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಅವಳು ಕೋಲು ಊರಿಕೊಂಡು ಬಾಗಿಲಿಗೆ ಬಂದಳು, ನಾವಿಬ್ಬರೂ ಅತ್ತೆವು, ಆಮೇಲೆ ಅವಳು ನನಗೆ ಎಚ್ಚರಿಕೆ ಕೊಟ್ಟಳು, "ನಮ್ಮೂರ ತರ ಕಂಡೋರ ಮನೆಗೆ ನುಗ್ಗಬ್ಯಾಡ ಕಣೆ. ಇಲ್ಲಿ ಜನ ಬಾಳ ಸೂಕ್ಷ್ಮ." ಅವಳ ಮನೆಯ ನೇರ ಕೆಳಗೆ ನಕಾನೊ ಎಂಬ ಅಜ್ಜಿ ಒಬ್ಬರೇ ಇದ್ದರು. ಎಪ್ಪತ್ತೈದು ದಾಟಿದವರು. ಪುಷ್ಪನಿಗೂ ಅವರಿಗೂ ನಾಲ್ಕು ವರ್ಷದಿಂದ ಇದ್ದ ಸಂಬಂಧವೆಂದರೆ ಮೆಟ್ಟಿಲಲ್ಲಿ ಸಿಕ್ಕಾಗ ಒಂದು ನಮಸ್ಕಾರ. ಅವರೇ ಸರಿ ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ನುಗ್ಗುವ ಅಗತ್ಯವೇ ಬೀಳಲಿಲ್ಲ. ಮಾರನೇ ದಿನ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ನನ್ನ ಸೀರೆ ಗಾಳಿಗೆ ಹಾರಿ ಕೆಳಗಿನ ಬಾಲ್ಕನಿಗೆ ಬಿತ್ತು. ಅರ್ಧ ಗಂಟೆಯಲ್ಲಿ ಬೆಲ್ಲು. ಬಾಗಿಲು ತೆಗೆದರೆ ನಕಾನೊ ಅಜ್ಜಿ. ಐದೂವರೆ ಮೀಟರ್ ಸೀರೆಯನ್ನು ನೋಟ್‌ಬುಕ್ಕಿನಷ್ಟು ಮಡಚಿ ಒಂದು ಚಂದದ ಕಾಗದದ ಚೀಲದಲ್ಲಿಟ್ಟು ತಂದಿದ್ದರು. ಕೊಟ್ಟು ಬಗ್ಗಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಅವರು ಇನ್ನೊಂದಿಷ್ಟು ಬಗ್ಗಿದರು. ಹಿರಿಯರಿಗಿಂತ ಕಡಿಮೆ ಬಗ್ಗುವುದು ಹೇಗೆಂದು ನಾನು ಮತ್ತಷ್ಟು ಬಗ್ಗಿದೆ. ಒಳಗಿನಿಂದ ಪುಷ್ಪ ಕೂಗಿದಳು, "ಸಾಕು ಎದ್ದೇಳೆ. ನೀ ನಿಲ್ಸೋಗಂಟ ಅವ್ರೂ ನಿಲ್ಸಲ್ಲ." ಆ ಮಾತನ್ನು ನಾನು ಅಂದೇ ತಲೆಗೆ ಹಾಕಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಜ್ಜಿ ಹೋದ ಮೇಲೆ ನನ್ನ ಕಣ್ಣು ಚೀಲದ ಮೇಲೆ ಬಿತ್ತು. "ಇದನ್ನ ವಾಪಸ್ ಕೊಡ್ಬೇಕಲ್ಲ?"

"ಕಾಗದದ ಚೀಲ ಯಾರು ಕೇಳ್ತಾರೆ, ಬಿಡೆ."

"ಕೇಳ್ದಿದ್ರೆ ಕೊಡಬಾರ್ದೇನು? ಖಾಲಿ ಹೆಂಗೆ ಕೊಡ್ಲಿ?"

ಊರಿಂದ ತಂದಿದ್ದ ಕೊಬ್ಬರಿ ಕರ್ಜಿಕಾಯಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ, ಡಬ್ಬಿಯನ್ನು ಚೀಲದಲ್ಲಿಟ್ಟು ಕೊಟ್ಟುಬಂದೆ. ಅಜ್ಜಿಯ ಮುಖ ಅರಳಿತು. ಕೆಲಸ ಒಂದೇ ದಿನಕ್ಕೆ ಮುಗಿಯಿತು ಎಂದುಕೊಂಡೆ.

ಮರುದಿನ ಡಬ್ಬಿ ಬಂತು. ಒಳಗೆ ಅಕ್ಕಿಯ ಗರಿಗರಿ ಬಿಲ್ಲೆಗಳು, ನಮ್ಮ ನಿಪ್ಪಟ್ಟಿನ ದೂರದ ನೆಂಟರಂತೆ. ಅಷ್ಟೇ ಆಗಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಆದರೆ ಡಬ್ಬಿಯನ್ನು ಒಂದು ನೀಲಿ ವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದರು. ಈಗ ಅವರ ವಸ್ತ್ರ ನಮ್ಮ ಮನೆಯಲ್ಲಿ ಉಳಿಯಿತು! ನಾನು ಅದರಲ್ಲಿ ಕೋಡುಬಳೆ ಕಟ್ಟಿ ಕೊಟ್ಟೆ. ಅವರು ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಸಿಹಿ ಉಂಡೆ ತಂದರು. ಬುಟ್ಟಿ ಉಳಿಯಿತು. ನಾನು ಬುಟ್ಟಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟೆ. ಸಂಜೆ ಕೆಲಸದಿಂದ ಬಂದ ರುದ್ರೇಶ ತಟ್ಟೆ ಮುಂದೆ ಕುಳಿತು ಅತ್ತಿತ್ತ ನೋಡಿದ.

"ಅಕ್ಕ, ಚಟ್ನಿಪುಡಿ ಎಲ್ಲಿ ಹೋತು?"

"ಕೆಳಗಿಳೀತಪ್ಪ."

"ಅಷ್ಟೂನಾ?"

ನಾನು ಮೊಸರಿನ ಪಾತ್ರೆಯನ್ನು ಅವನ ಮುಂದೆ ಸರಿಸಿದೆ. ನಾಲ್ಕು ವರ್ಷದಿಂದ ಊರಿನ ಚಟ್ನಿಪುಡಿಗೆ ಕಾದಿದ್ದ ಆ ಮನುಷ್ಯ ಬರೀ ಮೊಸರಿನಲ್ಲಿ ಉಂಡು ಎದ್ದ. ಅವನ ತಾಳ್ಮೆಗೆ ನಾನು ಇಂದಿಗೂ ಋಣಿ.

ಬುಟ್ಟಿಗೆ ಬದಲಾಗಿ ಬಂದಿದ್ದು ಮರದ ಪೆಟ್ಟಿಗೆ. ಒಳಗೆ ಒಂದೇ ಒಂದು ಕರಬೂಜದ ಹಣ್ಣು. ಪುಷ್ಪ ಮಾತ್ರೆ ನುಂಗಿ ಮಲಗಿದ್ದಳು. ನನಗೆ ನಗು ಬಂತು. ಬೇಸಿಗೆಯಲ್ಲಿ ಹಿರಿಯೂರಿನ ದಾರಿಯುದ್ದಕ್ಕೂ ಇದನ್ನು ರಾಶಿ ಹಾಕಿ ಕೂಗಿ ಕೂಗಿ ಮಾರುತ್ತಾರೆ. ಪಾಪ, ಅಜ್ಜಿಯ ಮನೆಯಲ್ಲಿ ತಿಂಡಿ ಮುಗಿದಿರಬೇಕು ಎಂದುಕೊಂಡು ಹಣ್ಣನ್ನು ಕೊಚ್ಚಿ, ಕಿವುಚಿ, ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿದೆ. ಎದ್ದು ಬಂದ ಪುಷ್ಪನ ಕೈಗೆ ಲೋಟ ಕೊಟ್ಟೆ. ಎರಡು ಗುಟುಕು ಕುಡಿದವಳು ಮರದ ಪೆಟ್ಟಿಗೆ ನೋಡಿ ನಿಂತುಬಿಟ್ಟಳು.

"ಇದರಾಗಿದ್ದ ಹಣ್ಣೆಲ್ಲಿ?"

"ನಿನ್ನ ಲೋಟದಾಗೈತೆ."

ಪುಷ್ಪ ನಿಧಾನವಾಗಿ ಕುರ್ಚಿಗೆ ಕುಳಿತಳು. ಆ ಹಣ್ಣು ಅಲ್ಲಿ ಬಳ್ಳಿಗೊಂದರಂತೆ ಬಿಟ್ಟು ಕೂಸಿನ ಹಾಗೆ ಸಾಕಿ ಬೆಳೆಯುವಂಥದ್ದಂತೆ. ಬಹಳ ದೊಡ್ಡವರಿಗೆ, ಬಹಳ ದೊಡ್ಡ ಸಂದರ್ಭದಲ್ಲಿ ಮಾತ್ರ ಕೊಡುವುದಂತೆ.

"ರೇಟು ಹೇಳ್ಲೇನೆ?"

"ಬ್ಯಾಡ," ಎಂದು ಉಳಿದ ಪಾನಕವನ್ನು ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಕುಳಿತು ಭಕ್ತಿಯಿಂದ ಕುಡಿದೆ.

ಇಂಥ ಹಣ್ಣಿಗೆ ಸರಿಸಮವಾದದ್ದು ನಮ್ಮಲ್ಲಿ ಹೋಳಿಗೆ ಒಂದೇ. ಬೇಳೆ ಬೇಯಿಸಿ, ಹೂರಣ ರುಬ್ಬಿ, ಪೆಟ್ಟಿಗೆ ತುಂಬ ಹೋಳಿಗೆ ಜೋಡಿಸಿ ಕೆಳಗೆ ಹೋದೆ. ಕಿಟಕಿಯಲ್ಲಿ ಬೆಳಕಿತ್ತು. ಬೆಲ್ಲು ಒತ್ತಿದೆ. ಬೆಳಕು ಆರಿತು. ಕರೆಂಟು ಹೋಗಿರಬೇಕೆಂದು ತಿಳಿದೆ. ನಮ್ಮೂರಿನವಳಿಗೆ ಬೇರೇನು ಹೊಳೆಯಬೇಕು? ಪೆಟ್ಟಿಗೆಯನ್ನು ಬಾಗಿಲ ಮುಂದೆ ಇಟ್ಟುಬಂದೆ. ರಾತ್ರಿ ನೋಡಿದರೆ ಪೆಟ್ಟಿಗೆ ಒಳಗೆ ಹೋಗಿತ್ತು. ಸಂತೋಷವಾಯಿತು.

ಮರುದಿನ ಬೆಳಗ್ಗೆ ಬಾಲ್ಕನಿಯಲ್ಲಿ ನಿಂತಿದ್ದೆ. ನಕಾನೊ ಅಜ್ಜಿ ಬಸ್ ಸ್ಟಾಪಿನಿಂದ ಕುಂಟುತ್ತಾ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಾ ಬರುತ್ತಿದ್ದರು. ಕೈಯಲ್ಲಿ ಯಾವುದೋ ದೊಡ್ಡ ಅಂಗಡಿಯ ಚೀಲ. ನಾನು ಮೇಲಿನಿಂದ ಕೈಬೀಸಿದೆ. ಅವರು ತಲೆ ಎತ್ತಿದರು, ನನ್ನನ್ನು ಕಂಡರು, ಸರಕ್ಕನೆ ರಸ್ತೆಬದಿಯಲ್ಲಿ ಕಾಸು ಹಾಕಿದರೆ ತಂಪುಪಾನೀಯ ಕೊಡುವ ಮಿಷನ್ನಿನ ಹಿಂದೆ ಹೋಗಿ ಅಡಗಿಕೊಂಡರು. ಚೀಲದ ಮೂಲೆ ಮಾತ್ರ ಹೊರಗೆ ಕಾಣುತ್ತಿತ್ತು.

ಅಂದು ರಜೆಯಿದ್ದ ರುದ್ರೇಶ ನನ್ನ ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡಿದ. "ಅಕ್ಕ, ಬ್ಯಾಸ್ರ ಮಾಡ್ಕಬ್ಯಾಡ್ರಿ. ಇಲ್ಲೂ ನಮ್ಮಂಗೇ. ಯಾರೇನು ಕೊಟ್ರೂ ತಿರುಗಿ ಕೊಡದೆ ಇರಂಗಿಲ್ಲ. ಆಯಮ್ಮ ವಾರದಿಂದ ಮಂಡಿನೋವು ಇಟ್ಕಂಡು ಬಸ್ಸಿನಾಗೆ ಹೋಗಿ ನಿಮಗೆ ಸಾಮಾನು ತರ್ತಾ ಐತೆ."

ನಾನು ಅಲ್ಲೇ ಕುಳಿತೆ. ಕರ್ಜಿಕಾಯಿಯಿಂದ ಹೋಳಿಗೆಯವರೆಗೆ ಎಲ್ಲವೂ ಕಣ್ಣ ಮುಂದೆ ಬಂತು. ನಾನು ಆದರ ಎಂದುಕೊಂಡು ಕೊಟ್ಟ ಒಂದೊಂದು ಡಬ್ಬಿಯೂ ಆ ಮುದುಕಿಗೆ ಒಂದೊಂದು ಬಸ್ ಪ್ರಯಾಣವಾಗಿತ್ತು. ನಾನು ಹೊರಡಲು ಮೂರು ದಿನ ಉಳಿದಿತ್ತು. ಪುಷ್ಪನಿಗೆ ಒಂದು ಬಾಗಿಲು ಮಾಡಿಕೊಡುತ್ತೇನೆಂದು ಬಂದವಳು ಇದ್ದೊಂದು ನಮಸ್ಕಾರವನ್ನೂ ಕೆಡಿಸಿ ಇಟ್ಟಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

ಪುಷ್ಪ ಕೋಲು ಎತ್ತಿಕೊಂಡಳು. "ನಡಿ, ಹೋಗಾಣ. ಡಬ್ಬಿ ತಗ. ಖಾಲಿ ಡಬ್ಬಿ."

"ಖಾಲಿನಾ? ನಾಲ್ಕು ಕಾಳು ಸಕ್ಕರೆ ಹಾಕ್ಕಳ್ಳೇನೆ?"

"ಒಂದು ಕಾಳೂ ಇಲ್ಲ." ಅವಳು ಡಬ್ಬಿಯೊಳಗೆ ಕೈಯಾಡಿಸಿ ನೋಡಿ ನನ್ನ ಕೈಗೆ ಕೊಟ್ಟಳು. ನನ್ನ ಮೇಲೆ ಅಷ್ಟು ನಂಬಿಕೆ.

ಬಿದ್ದ ಮೇಲೆ ಅವಳು ಯಾರ ಕೈಯೂ ಹಿಡಿಯದೆ ಮೆಟ್ಟಿಲಿಳಿದದ್ದು ಅದೇ ಮೊದಲು. ಕೆಳಗಿನ ಬಾಗಿಲಿಗೆ ಹೋಗಿ ತಟ್ಟಿದಳು. ಬಾಗಿಲು ತೆರೆಯಲಿಲ್ಲ. ಪುಷ್ಪ ಮುಚ್ಚಿದ ಬಾಗಿಲಿಗೇ ಮಾತಾಡತೊಡಗಿದಳು. ನಾಲ್ಕು ವರ್ಷ ಬರೀ ನಮಸ್ಕಾರ ಹೇಳುತ್ತಿದ್ದವಳು ಜಪಾನಿ ಭಾಷೆಯಲ್ಲಿ ತಡವರಿಸಿ, ನಿಂತು, ಮತ್ತೆ ಹುಡುಕಿಕೊಂಡು ಹೇಳುತ್ತಲೇ ಹೋದಳು. ನಡುವೆ ಎರಡು ಸಲ ನನ್ನ ಹೆಸರು ಕೇಳಿಸಿತು. ಹೊಗಳಿಕೆ ಇರಲಾರದೆಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

ಬಾಗಿಲು ತೆರೆಯಿತು. ನಾನು ಮುಚ್ಚಳ ತೆಗೆದು ಡಬ್ಬಿಯನ್ನು ಮುಂದೆ ಹಿಡಿದೆ. ಜನ್ಮದಲ್ಲಿ ಮೊದಲ ಸಲ ಒಬ್ಬರ ಮನೆ ಬಾಗಿಲಿಗೆ ಖಾಲಿ ಡಬ್ಬಿ ಒಯ್ದಿದ್ದೆ. ಅಜ್ಜಿ ಡಬ್ಬಿಯೊಳಗೆ ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. ಮತ್ತೊಮ್ಮೆ ಡಬ್ಬಿ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ಹೋಳಿಗೆಯ ಮರದ ಪೆಟ್ಟಿಗೆ ತಂದು, ಅದನ್ನೂ ತೆರೆದು ತೋರಿಸಿ ನನ್ನ ಕೈಗಿಟ್ಟರು. ಅದೂ ಖಾಲಿ.

ಒಳಗೆ ಕೂರಿಸಿ ಹಸಿರು ಚಹಾ ಕೊಟ್ಟರು. ತಿರುಗಿ ಏನೂ ಕೊಡಬೇಕಿಲ್ಲದ ಚಹಾ ಎಂದು ಪುಷ್ಪ ನನ್ನಿಂದ ಮೊದಲೇ ಆಣೆ ಹಾಕಿಸಿಕೊಂಡಳು. ಅವರಿಬ್ಬರೂ ಮಾತಾಡಿದರು. ಅಜ್ಜಿಯ ತಾಯಿಯೂ ಪಾತ್ರೆ ಖಾಲಿ ಕೊಟ್ಟರೆ ಬೈಯುತ್ತಿದ್ದರಂತೆ. ಆಮೇಲೆ ಪುಷ್ಪ ಏನೋ ಹೇಳಿದಳು, ಇಬ್ಬರೂ ನನ್ನ ಕಡೆ ತಿರುಗಿ ಒಟ್ಟಿಗೆ ನಕ್ಕರು.

"ಏನಂದೆ?"

"ಕಾಲೇಜಿನಾಗೆ ಮೂರು ವರ್ಷ ನನ್ನ ಡಬ್ಬಿ ಖಾಲಿನೇ ವಾಪಸ್ ಕೊಟ್ಟೋಳು ಇವಳೇ ಅಂದೆ."

ನಿಜ. ಮೂರು ವರ್ಷ. ನಾಲ್ಕು ಕಾಳು ಸಕ್ಕರೆ ಹಾಕಿ ಕೊಡಬೇಕೆಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ. "ನಿನಗೆ ಕೊಡಬೇಕಂತ ಹೊಳೀಲೇ ಇಲ್ಲ ಕಣೆ ನನಗೆ."

"ಹೊಳೀಬಾರ್ದು ಕಣೆ. ಚಾ ಕುಡಿ."

ಹೊರಡುವಾಗ ಅಜ್ಜಿ ಪುಷ್ಪನ ಕೋಲು ತೆಗೆದುಕೊಂಡು ನೆಲಕ್ಕೆ ಮೂರು ಸಲ ಕುಟ್ಟಿ, ತಮ್ಮ ಮನೆಯ ಚಾವಣಿಯ ಕಡೆ ಬೆರಳು ತೋರಿಸಿ ಏನೋ ಹೇಳಿದರು. ಪುಷ್ಪ ಕೋಲನ್ನು ವಾಪಸ್ ತೆಗೆದುಕೊಂಡಳು. ಆಮೇಲೆ ಹೇಳಿದಳು, "ಏನಾದ್ರೂ ಆದ್ರೆ ಬಾಗ್ಲಿಗೂ ಬರಬ್ಯಾಡ, ಕುಂತಲ್ಲೇ ನೆಲ ಕುಟ್ಟು, ನಾನು ಬತ್ತೀನಿ ಅಂತಾರೆ ಕಣೆ."

ನಾನಿದ್ದ ಉಳಿದ ಮೂರು ದಿನವೂ ಬೆಳಗ್ಗೆ ಎದ್ದ ಕೂಡಲೇ ಪುಷ್ಪ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ಕೆಳಗಿನಿಂದ ಅಜ್ಜಿ ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟಿ ಉತ್ತರ ಕೊಡುತ್ತಿದ್ದರು. ನನ್ನ ಕರ್ಜಿಕಾಯಿ, ಕೋಡುಬಳೆ, ಹೋಳಿಗೆ ಯಾವುದೂ ಮಾಡದ ಕೆಲಸವನ್ನು ಪುಷ್ಪ ನನ್ನ ಪರವಾಗಿ ಕೇಳಿದ ಕ್ಷಮೆ ಮಾಡಿತ್ತು. ಅವರಿಬ್ಬರ ಸ್ನೇಹಕ್ಕೆ ನನ್ನ ಕೊಡುಗೆ ಏನೆಂದರೆ, ಸೇರಿ ನಗಲು ಒಬ್ಬಳು ದಡ್ಡಿ.

ಹೊಸದುರ್ಗಕ್ಕೆ ಬಂದು ಅಡುಗೆಮನೆಗೆ ಕಾಲಿಟ್ಟೆ. ಕಟ್ಟೆಯ ಮೇಲೆ ನಮ್ಮದಲ್ಲದ ಪಾತ್ರೆಗಳ ಗೋಪುರ! ತೊಳೆದು ಬೋರಲು ಹಾಕಿದ ಬೋಗುಣಿ, ಟಿಫಿನ್ ಕ್ಯಾರಿಯರ್, ಸಾರಿನ ಪಾತ್ರೆ, ಎದುರು ಮನೆ ಶಾಂತಕ್ಕನ ಕುಕ್ಕರ್.

"ಏನ್ರಿ ಇದು?"

"ನೀನಿಲ್ಲ ಅಂತ ಇಡೀ ಬೀದಿ ನನಗೆ ಉಣ್ಣಾಕಿಕ್ತು," ಎಂದರು ಯಜಮಾನರು. "ಪಾತ್ರೆ ಖಾಲಿ ಕೊಡಬ್ಯಾಡ್ರಿ ಅಂತ ನೀನೇ ಅಂದಿದ್ದೆ. ತುಂಬಕೆ ನನಗೆ ಬರಲ್ಲ. ಅದಕ್ಕೇ ಇಟ್ಟೀನಿ. ಶಾಂತಕ್ಕ ಕುಕ್ಕರ್ ಇಲ್ದೆ ನಾಲ್ಕು ದಿನದಿಂದ ಪಾತ್ರೆಯಾಗೆ ಅನ್ನ ಬೇಯಿಸ್ತಾವ್ಳಂತೆ."

ನಾನು ಗಟ್ಟಿ ಮನಸ್ಸು ಮಾಡಿದೆ. ಜಪಾನ್ ಕಂಡುಬಂದವಳು ನಾನು. ಇನ್ನು ಇದೆಲ್ಲ ಇಲ್ಲ. ಉಣ್ಣಿಸಿದ್ದಕ್ಕೆ ಬಾಯಿತುಂಬ ಉಪಕಾರ ಹೇಳಿ, ಪಾತ್ರೆಗಳನ್ನು ಖಾಲಿಯಾಗಿಯೇ ಕೊಟ್ಟುಬರುವುದು ಎಂದು ತೀರ್ಮಾನಿಸಿ, ಮೊದಲು ಕುಕ್ಕರ್ ಎತ್ತಿಕೊಂಡು ರಸ್ತೆ ದಾಟಿದೆ. ಶಾಂತಕ್ಕ "ಬಾರೆ ಸರೋಜ, ಯಾವಾಗ ಬಂದೆ?" ಎಂದು ನಗುತ್ತಾ ಕುಕ್ಕರ್ ತೆಗೆದುಕೊಂಡಳು. ಅದರ ತಳದಲ್ಲಿ ಏನೋ ಸಣ್ಣಗೆ ಸದ್ದಾಯಿತು. ಅವಳು ಮುಚ್ಚಳ ತೆಗೆದಳು, ಇಬ್ಬರೂ ಬಗ್ಗಿ ನೋಡಿದೆವು.

ನಾಲ್ಕು ಕಾಳು ಸಕ್ಕರೆ. ಯಾವಾಗ ಹಾಕಿದೆನೋ ನನಗೇ ಗೊತ್ತಿಲ್ಲ.