ನರ್ಸಮ್ಮನನ್ನು ಸ್ವಾರ್ಥಕ್ಕಾಗಿ ಹೊತ್ತವರಿಗೆ

ನೆಲಮಹಡಿಯಿಂದ ಈಚೆಗೆ ನಾಲ್ಕನೆಯ ಮಹಡಿಗೆ ಬಡ್ತಿ ಪಡೆದಿರುವ ಹೊಲಿಗೆ ಯಂತ್ರ ರಿಪೇರಿಯವರ ಸನ್ನಿಧಿಗೆ, ಅದೇ ಕಟ್ಟಡದ ಮೂರನೆಯ ಮಹಡಿಯಿಂದ, ಅಂದರೆ ಈಗ ತಮ್ಮ ಪಾದಗಳ ಅಡಿಯಿಂದ, ಗೌರವಪೂರ್ವಕ ವಂದನೆಗಳು.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಮೊಣಕಾಲು ಮತ್ತು ತಮ್ಮ ಸ್ವಾರ್ಥ ಮೂರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ತಮ್ಮ ಬಾಗಿಲ ಸಂದಿಯಲ್ಲಿ ತೂರಿಸದೆ ಲಿಫ್ಟಿನ ಮುಚ್ಚಿದ ಬಾಗಿಲಿಗೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ನಮ್ಮ ಸಮಿತಿಯವರು ಏನು ಮಾಡಿದರೂ ನಾಲ್ಕು ಜನರಿಗೆ ಕಾಣುವಂತೆ ಮಾಡಿಯೇ ರೂಢಿ. ಬೇರೆ ರೀತಿ ಕಲಿಯುವ ವಯಸ್ಸು ನನ್ನದಲ್ಲ.

ಲಿಫ್ಟು ಕೆಟ್ಟು ಐದು ತಿಂಗಳಾಯಿತು. ಅದರ ಯಾವುದೋ ಒಂದು ಭಾಗ ಎಲ್ಲಿಂದಲೋ ಬರುತ್ತಿದೆಯೆಂದು ಮಾಲೀಕರು ಅಂದು ಹೇಳಿದ್ದರು, ಇಂದೂ ಅದು ಬರುತ್ತಲೇ ಇದೆ. ನಮಗೆಲ್ಲ ಇದರಿಂದ ಕಾಲುನೋವು ಬಂದರೆ, ನಾಲ್ಕನೆಯ ಮಹಡಿಯಲ್ಲಿ ಒಬ್ಬರೇ ಇದ್ದ ಎಪ್ಪತ್ತೆರಡರ ನಿವೃತ್ತ ನರ್ಸಮ್ಮನವರಿಗೆ ಜೀವಕ್ಕೇ ಬಂತು. ಮೂತ್ರಪಿಂಡ ಸೋತ ಅವರು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಗೆ ಹೋಗಿ, ರಕ್ತ ಶುದ್ಧಿ ಮಾಡುವ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಬೇಕು. ಮೊದಲ ವಾರ ಅರವತ್ತೆಂಟು ಮೆಟ್ಟಿಲನ್ನು ಕೂತು ಕೂತು ಇಳಿದರು. ಎರಡನೆಯ ವಾರ ಅರ್ಧಕ್ಕೆ ಬಂದು, ಇವತ್ತು ಬೇಡ ಬಿಡಿ ಎಂದು ಗೋಡೆ ಹಿಡಿದು ವಾಪಸ್ಸು ಹತ್ತಿದರು. ಭಾನುವಾರದ ಹೊತ್ತಿಗೆ ಮುಖ ಊದಿಕೊಂಡು, ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು.

ಅಂದು ಸಂಜೆಯೇ ನಾವು ನಿಸ್ವಾರ್ಥ ನೆರವಿನ ಸಮಿತಿಯನ್ನು ಸ್ಥಾಪಿಸಿದೆವು. ಎರಡನೆಯ ಮಹಡಿಯ ನಿವೃತ್ತ ಮುಖ್ಯೋಪಾಧ್ಯಾಯರು ಅಧ್ಯಕ್ಷರು, ವಿಮಾ ಕಚೇರಿಯ ಗುಮಾಸ್ತನಾದ ನಾನು ಕಾರ್ಯದರ್ಶಿ. ಮೊದಲ ಸಭೆಗೆ ಗ್ರೀಸ್ ಮೆತ್ತಿದ ಕೈಯಲ್ಲೇ ಬಂದ ತಾವು, ಅಧ್ಯಕ್ಷರ ಭಾಷಣ ಮುಗಿಯುವ ಮೊದಲೇ ಎದ್ದು ನಿಂತು, “ಅದ್ರಿಂದ ನಂಗೇನು? ನಾನಿರೋದು ಕೆಳಗೆ. ಆ ಲಿಫ್ಟ್‌ನ ಒಂದ್ ದಿನಾನೂ ಹತ್ತಿಲ್ಲ,” ಎಂದು ಹೇಳಿ ಹೊರಟುಹೋದಿರಿ. ನಡಾವಳಿ ಪುಸ್ತಕದಲ್ಲಿ ಇದನ್ನು ಹೇಳಿದಂತೆಯೇ ಬರೆದಿಟ್ಟಿದ್ದೇನೆ. ಅಂದಿನಿಂದ ಇಡೀ ಕಟ್ಟಡ ತಮ್ಮನ್ನು ನಂಗೇನು ಸಾಹೇಬರೆಂದೇ ಕರೆಯುತ್ತಿರುವುದು ತಮ್ಮ ಕಿವಿಗೂ ಬಿದ್ದಿರಬಹುದು.

ಮರುದಿನ ಬಿಟ್ಟು ಅದರ ಮರುದಿನ, ಮಂಗಳವಾರ, ಸಮಿತಿ ಕಾರ್ಯಕ್ಕಿಳಿಯಿತು. ನರ್ಸಮ್ಮನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದೆವು. ಅಧ್ಯಕ್ಷರು ಸೊಂಟದ ಕಾರಣದಿಂದ ಮಾರ್ಗದರ್ಶನ ಮಾತ್ರ ನೀಡಿದರು. ನಾನು ಎಡಗಾಲನ್ನು, ಎಂದರೆ ಕುರ್ಚಿಯ ಎಡಗಾಲನ್ನು, ನಾಲ್ಕನೆಯ ಮಹಡಿಯಿಂದ ಮೂರನೆಯ ಮಹಡಿಯವರೆಗೆ ಕೈಬಿಡದೆ ಹಿಡಿದಿದ್ದೆ. ಅಲ್ಲಿ ನನ್ನ ಮನೆ ಸಿಕ್ಕಿತು, ಕಚೇರಿಯ ಹೊತ್ತೂ ಆಯಿತು. ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡು, ಉಳಿದವರು ಆ ಕಡೆ ಎಳೆದು ಈ ಕಡೆ ನೂಕಿ ಮಾಡಿದ ಗಲಾಟೆಗೆ ಬಯ್ಯಲೆಂದು ತಾವು ಮೇಲೆ ಬಂದಿರಿ. ಯಂತ್ರ ಹೊರಲು ಬಳಸುವ ಅಗಲದ ಪಟ್ಟಿಯಿಂದ ನರ್ಸಮ್ಮನವರನ್ನು ಬೆನ್ನಿಗೆ ಬಿಗಿದುಕೊಂಡು, ದಾರಿಯುದ್ದಕ್ಕೂ ಗೊಣಗುತ್ತ ಇಳಿದಿರಿ. ಆ ಕಡೆ ಹೇಗೂ ಹೊಲಿಗೆ ಯಂತ್ರದ ಸೂಜಿ ತರಬೇಕಿತ್ತೆಂದು ಆಸ್ಪತ್ರೆಗೂ ಹೋದಿರಿ. ಹಿಂದಿರುಗುವಾಗ ಅರವತ್ತೆಂಟು ಮೆಟ್ಟಿಲನ್ನು ಹೊತ್ತೇ ಹತ್ತಿದಿರಿ. ಅದಾದ ಮೇಲೆ ವಾರಕ್ಕೆರಡು ಸಲ ತಮಗೆ ಸೂಜಿ ಬೇಕಾಗತೊಡಗಿತು.

ಇಷ್ಟರವರೆಗೆ ನಮ್ಮ ತಕರಾರಿಲ್ಲ. ತಮ್ಮಂಥವರ ಮನಸ್ಸೂ ಸಮಿತಿಯ ಪ್ರಭಾವದಿಂದ ಕರಗಿತೆಂದು ವರದಿ ಬರೆಯಲು ಸಿದ್ಧನಾಗಿ, ಎರಡು ತಿಂಗಳ ಬಳಿಕ ಮೆಟ್ಟಿಲಲ್ಲಿ ತಮ್ಮನ್ನು ತಡೆದು ಸಮಿತಿಯ ಪರವಾಗಿ ಧನ್ಯವಾದ ಹೇಳಿದೆ. ಆಗ ತಾವು ಕೊಟ್ಟ ಉತ್ತರವೇ ಈ ದೂರಿನ ಮೂಲ.

“ನಿಮ್ಮ ಥ್ಯಾಂಕ್ಸ್ ಇಟ್ಕೊಂಡು ನಾನೇನ್ ಮಾಡ್ಲಿ? ಆಯಮ್ಮ ಚೆಸ್‌ನಲ್ಲಿ ನನ್ನ ಹದಿನೇಳು ಸಲ ಸೋಲಿಸಿದಾರೆ. ಒಂದು ಕೈಗೆ ಸೂಜಿ ಚುಚ್ಕೊಂಡು, ಇನ್ನೊಂದ್ ಕೈಲಿ ನನ್ನ ಕುದುರೆ ಎತ್ತಾಕ್ತಾರ್ರೀ. ನಾನೊಂದ್ ಆಟ ಗೆಲ್ಲೋ ತನಕ ಅವ್ರು ಬದುಕಿರ್ಬೇಕು, ಅಷ್ಟೇ.”

ಒಬ್ಬ ರೋಗಿಯ ಜೀವ ತಮಗೆ ಬೇಕಾಗಿರುವುದು ಒಂದು ಆಟದ ಗೆಲುವಿಗಾಗಿ ಎಂಬುದನ್ನು ಯಾವ ವರದಿಯಲ್ಲಿ, ಯಾವ ಮುಖದಿಂದ ಬರೆಯಲಿ? ಆಕೆಯ ಎಡಗಾಲನ್ನು, ಕ್ಷಮಿಸಿ, ಕುರ್ಚಿಯ ಎಡಗಾಲನ್ನು ಒಂದು ಮಹಡಿಯುದ್ದ ಹಿಡಿದ ನಾನು ಬದಲಿಗೆ ಏನನ್ನಾದರೂ ಬಯಸಿದೆನೆ? ಹನ್ನೊಂದು ಜನರಿಗೆ ಹೇಳಿಕೊಂಡಿದ್ದು ನಿಜ, ಆದರೆ ಬಯಸಲಿಲ್ಲ.

ಸಮಿತಿಯ ಮರ್ಯಾದೆ ಉಳಿಸಲು ನಾವು ಕೆಳಗಿನ ಪಡಸಾಲೆಯಲ್ಲಿ ಅಭಿನಂದನಾ ಸಭೆ ಏರ್ಪಡಿಸಿದೆವು. ಸಮಿತಿಯ ಆರು ಮಂದಿಗೂ ನಿಸ್ವಾರ್ಥ ಸೇವೆಯ ಫಲಕ ಸಿದ್ಧವಾಗಿತ್ತು. ಎರಡು ಒಳ್ಳೆಯ ಮಾತಾಡಲು ನರ್ಸಮ್ಮನವರನ್ನು ಕರೆಸಿದೆವು. ಕೆಳಗಿಳಿಸಿ ಕುರ್ಚಿಯಲ್ಲಿ ಕೂರಿಸಿದ ತಾವು ಒಳಗೆ ಹೋಗಿ ಯಂತ್ರ ಓಡಿಸತೊಡಗಿದ್ದರಿಂದ ಅವರ ಮಾತು ತಮಗೆ ಕೇಳಿರಲಿಕ್ಕಿಲ್ಲ. ಪ್ರಾಮಾಣಿಕ ಕಾರ್ಯದರ್ಶಿಯಾಗಿ ಅದನ್ನು ಇಲ್ಲಿ ಕೊಡುತ್ತಿದ್ದೇನೆ.

“ನೀವೆಲ್ಲ ಒಳ್ಳೇವ್ರು. ಎತ್ತುವಾಗ ‘ಏನೂ ಭಾರ ಇಲ್ಲಮ್ಮ’ ಅಂದ್ರಿ, ನಂಗೆ ನಾಚ್ಕೆ ಆಯ್ತು. ಅವ್ನು ಮೂರು ಮೆಟ್ಲಿಗೊಂದ್ಸಲ ‘ಅಯ್ಯೋ ಎಷ್ಟ್ ಭಾರ ಇದೀರಿ ನರ್ಸಕ್ಕ’ ಅಂತಾನೆ. ನಲವತ್ತು ವರ್ಷ ಕಂಡೋರನ್ನೆಲ್ಲ ನಾನೇ ಎತ್ತಿ ಕೂರ್ಸಿದೀನಿ, ಎತ್ತಿಸ್ಕೊಳ್ಳೋದು ಎಷ್ಟ್ ಕಷ್ಟ ಅಂತ ಗೊತ್ತಿರ್ಲಿಲ್ಲ. ಅವ್ನಿಗೆ ನನ್ನಿಂದ ಏನೋ ಒಂದು ಬೇಕು. ನಿಮಗ್ಯಾರಿಗೂ ನನ್ನಿಂದ ಏನೂ ಬೇಡ. ಅದಕ್ಕೇ ಅವನ ಬೆನ್ನೇ ನಂಗೆ ಸಲೀಸು.”

ಫಲಕಗಳನ್ನು ಒಬ್ಬೊಬ್ಬರೇ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆವು.

ಅದಕ್ಕೂ ತೃಪ್ತರಾಗದೆ ತಾವು ಹೋದ ತಿಂಗಳು ಮಾಡಿದ್ದನ್ನು ಏನೆಂದು ಬಣ್ಣಿಸಲಿ. ತಮ್ಮ ನೆಲಮಹಡಿಯ ಮನೆಗೆ ನರ್ಸಮ್ಮನವರನ್ನು ಇಳಿಸಿ, ಅವರ ನಾಲ್ಕನೆಯ ಮಹಡಿಯ ಮನೆಗೆ ತಾವು ಹೋದಿರಿ. ಕೇಳಿದ್ದಕ್ಕೆ, ಮೇಲೆ ಬೆಳಕು ಚೆನ್ನಾಗಿದೆ, ಸೂಜಿಯ ಕಣ್ಣು ಕಾಣುತ್ತದೆ ಎಂದಿರಿ. ಒಬ್ಬ ವೃದ್ಧೆಯ ಪಾಲಿನ ಬೆಳಕನ್ನೂ ಬಿಡಲಿಲ್ಲವಲ್ಲ ಎಂದು ಅಧ್ಯಕ್ಷರು ಮರುಗಿದರು. ಹೊರಿಸಿಕೊಳ್ಳುವವರು ಯಾರೂ ಇಲ್ಲದಂತಾಗಿ ಸಮಿತಿಯೂ ತಾನಾಗಿಯೇ ಮುಚ್ಚಿತು. ನರ್ಸಮ್ಮನವರು ಈಗ ತಾವೇ ನಡೆದು ಬೀದಿಗೆ ಬರುತ್ತಾರೆ, ಬಾಗಿಲ ಬಳಿ ಕೂತು ಹೋಗಿಬರುವವರ ಯೋಗಕ್ಷೇಮ ವಿಚಾರಿಸುತ್ತಾರೆ, ನನ್ನದನ್ನೂ.

ರಿಪೇರಿಗೆ ಬಂದ ಒಂದೊಂದು ಯಂತ್ರವನ್ನೂ ತಾವೀಗ ನಾಲ್ಕು ಮಹಡಿ ಹೊರುತ್ತೀರಿ. ನಮ್ಮ ಬಾಗಿಲ ಮುಂದೆ ಬಂದಾಗ ಯಂತ್ರವನ್ನು ಇಳಿಸಿ ಗೋಡೆಗೆ ಒರಗುತ್ತೀರಿ. ಬಾಗಿಲ ಕಿಂಡಿಯಿಂದ ನಾನು ನೋಡುತ್ತಿರುತ್ತೇನೆ. ಬಾಗಿಲು ತೆರೆದರೆ ಒಂದು ಕೈ ಕೊಡಬೇಕಾದೀತೆಂದು, ಮನೆಯಲ್ಲಿ ಯಾರೂ ಇಲ್ಲವೆನ್ನುವ ಹಾಗೆ ಉಸಿರು ಬಿಗಿಹಿಡಿದು ನಿಂತಿರುತ್ತೇನೆ. ತಾವು ಮತ್ತೆ ಎತ್ತಿಕೊಂಡು ಹೊರಟ ಮೇಲೆ ಬಂದು ಕೂರುತ್ತೇನೆ. ಊಟ ಸೇರುವುದಿಲ್ಲ. ನೆಮ್ಮದಿಯಾಗಿದ್ದ ಮನುಷ್ಯನಿಗೆ ಇಂಥ ಸ್ಥಿತಿ ತಂದಿಟ್ಟದ್ದು ತಮ್ಮ ಸ್ವಾರ್ಥವಲ್ಲದೆ ಮತ್ತೇನು?

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿಯಿಷ್ಟೆ. ಇನ್ನು ಮುಂದೆ ಯಾವುದೇ ಒಳ್ಳೆಯ ಕೆಲಸಕ್ಕೆ ಕೈಹಾಕುವಾಗ ತಮಗದರಿಂದ ಏನೂ ಲಾಭವಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮಾಡುವಾಗ ಸ್ವಲ್ಪವೂ ಖುಷಿಪಡಬಾರದು. ಎರಡನೆಯದು, ಹೊರುವ ಕೆಲಸ ತಪ್ಪಿದರೂ ಮಂಗಳವಾರ, ಶುಕ್ರವಾರ ತಾವು ಆಸ್ಪತ್ರೆಗೆ ಹೋಗಿ ನರ್ಸಮ್ಮನವರ ಮಂಚದ ಪಕ್ಕ ಕೂರುವುದನ್ನು ಬಿಟ್ಟಿಲ್ಲವೆಂದೂ, ಮೊನ್ನೆಯ ಚೆಸ್ ಆಟದಲ್ಲಿ ಬಹಳ ಹೊತ್ತು ತಮ್ಮದೇ ಮೇಲುಗೈಯಾಗಿತ್ತೆಂದೂ ತಿಳಿದುಬಂದು ನನಗೆ ಗಾಬರಿಯಾಗಿದೆ. ದಯವಿಟ್ಟು ತಾವು ಗೆಲ್ಲಬಾರದು. ಗೆದ್ದ ಮೇಲೆ ತಮಗೆ ಅಲ್ಲಿ ಕೆಲಸವಿರುವುದಿಲ್ಲ, ಮತ್ತು ಸಮಿತಿಯ ಹಳೆಯ ಪಾಳಿಪಟ್ಟಿಯಲ್ಲಿ ಮುಂದಿನ ಹೆಸರು ನನ್ನದು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮೂರನೆಯ ಮಹಡಿಯ ಮಾಜಿ ಕಾರ್ಯದರ್ಶಿ

ಮರೆತದ್ದು: ನನ್ನ ಹೆಂಡತಿಯ ಹೊಲಿಗೆ ಯಂತ್ರ ಎರಡು ವಾರದಿಂದ ದಾರ ಕತ್ತರಿಸುತ್ತಿದೆ. ತಾವು ಹೇಗೂ ಮೇಲೆ ಹೋಗುವವರು. ಕರೆಗಂಟೆ ಒತ್ತುವ ಶ್ರಮವೂ ತಮಗೆ ಬೇಡವೆಂದು ಅದನ್ನು ಬಾಗಿಲ ಹೊರಗೇ ಇಟ್ಟಿದ್ದೇನೆ.