ಘರ್ಷಣೆಯಿಲ್ಲದ ಗೊಜ್ಜು

ಚಾಮರಾಜನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮರಿಮಲ್ಲಪ್ಪನವರಿಗೆ ನಂಬಿಕೆಗೆ ಅರ್ಹವೆನಿಸಿದ ಸಂಗತಿಗಳು ಹೆಚ್ಚಿರಲಿಲ್ಲ. ಜ್ಯೋತಿಷ್ಯವನ್ನು ನಂಬುತ್ತಿರಲಿಲ್ಲ, ಹವಾಮಾನ ವರದಿಯನ್ನು ಅರ್ಧ ನಂಬುತ್ತಿದ್ದರು, ಹೆಂಡತಿ ಗಂಗಾಂಬಿಕೆಯ ಅಳತೆಗಳನ್ನಂತೂ ಸುತರಾಂ ನಂಬುತ್ತಿರಲಿಲ್ಲ. (ಅಡುಗೆಯನ್ನು ನಂಬುತ್ತಿದ್ದರು, ಎರಡು ಸಲ ಬಡಿಸಿಕೊಳ್ಳುತ್ತಿದ್ದರು.)

“ಒಂದು ಹಿಡಿ, ಒಂಚೂರು, ಕಣ್ಣಂದಾಜು! ಇವು ಅಳತೆಗಳೇ ಗಂಗಾ? ನಾಳೆ ನಿನಗೆ ನೆಗಡಿಯಾದರೆ ಈ ವಂಶದ ಹುಳಿಯನ್ನದ ಗತಿಯೇನು?”

“ನೆಗಡಿ ಆದ್ರ ರಸ ಕುಡೀತೀವಿ ಬುಡಿ.”

ಇಂಥ ಅವೈಜ್ಞಾನಿಕ ವಾತಾವರಣದಲ್ಲಿ ಬಳಲುತ್ತಿದ್ದ ಮೇಷ್ಟ್ರಿಗೆ ಬೇಸಿಗೆಯ ತರಬೇತಿಯೊಂದರಲ್ಲಿ ಗಿಟ್ ಎಂಬ ತಂತ್ರಾಂಶದ ದರ್ಶನವಾಯಿತು. ಒಂದು ಬರಹಕ್ಕೆ ಯಾರು, ಯಾವಾಗ, ಯಾವ ಸಾಲಿನಲ್ಲಿ, ಯಾವ ಕಾರಣಕ್ಕೆ ಕೈಯಿಟ್ಟರೆಂಬುದನ್ನು ಅದು ಮರೆಯುವುದಿಲ್ಲ. ಆ ಇಡೀ ಚರಿತ್ರೆ ಪಾಲುದಾರರೆಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ. ಇಬ್ಬರು ಬೇರೆ ಬೇರೆ ಕಡೆ ತಿದ್ದಿದರೆ ಎರಡನ್ನೂ ತಾನೇ ಹೊಲಿದು ಒಂದು ಮಾಡುತ್ತದೆ; ಒಂದೇ ಸಾಲಿಗೆ ಇಬ್ಬರೂ ಕೈಹಾಕಿದರೆ ಮಾತ್ರ ‘ಘರ್ಷಣೆ’ ಎಂದು ಕೂಗಿ, ತೀರ್ಮಾನವನ್ನು ಮನುಷ್ಯರ ತಲೆಗೆ ಕಟ್ಟುತ್ತದೆ.

ಪ್ರಯೋಗಕ್ಕೆ ಸಂದರ್ಭವೂ ಒದಗಿತು. ಗಂಗಾಂಬಿಕೆಯ ತಮ್ಮ ಸೋಮೇಶ್ ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ನೂರೈವತ್ತು ಎಲೆ. ಅವನ ಹೆಂಡತಿ ಶಿವರಂಜನಿಯ ತವರಿನವರು ಈ ಮನೆತನದ ಹೆಸರಾಂತ ಹುಳಿಯನ್ನವನ್ನು ಮೊದಲ ಬಾರಿಗೆ ಉಣ್ಣಲಿದ್ದರು. ಗೊಜ್ಜು ಕೆಟ್ಟರೆ ಗಂಗಾಂಬಿಕೆ ಇನ್ನು ಆ ಊರಿನ ಬಸ್ಸು ಹತ್ತುವಂತಿರಲಿಲ್ಲ.

ಮೇಷ್ಟ್ರು ಅತ್ತೆ ಪುಟ್ಟಸಿದ್ದಮ್ಮನವರನ್ನು ಕೂರಿಸಿಕೊಂಡು ವಿಧಾನವನ್ನು ಹದಿನೇಳು ಸಾಲುಗಳಲ್ಲಿ ಟೈಪು ಮಾಡಿದರು. ಹುಣಸೆ ಎರಡು ಕಿಲೋ ಎಂಬಲ್ಲಿಂದ ಹಿಡಿದು ಎಳ್ಳು ಹುರಿಯುವ ಹದದವರೆಗೆ ಅತ್ತೆ ಎಲ್ಲವನ್ನೂ ಹೇಳಿದರು, ಉಪ್ಪೊಂದನ್ನು ಬಿಟ್ಟು. ಅದನ್ನೂ ಬಾಯಿಬಿಟ್ಟು ಹೇಳಿಸಿಕೊಳ್ಳಬೇಕಾದವರು ಒಲೆಯ ಬಳಿ ಬರಬಾರದೆಂಬುದು ಅವರ ಕಾಲದ ತಿಳಿವಳಿಕೆ.

ಬರಹದ ಒಂದು ಪ್ರತಿ ಗುಂಡ್ಲುಪೇಟೆಗೆ, ಶಿವರಂಜನಿಯ ಲ್ಯಾಪ್‌ಟಾಪಿಗೆ ಹೋಯಿತು. ಹಿಂದೆಯೇ ಮೇಷ್ಟ್ರ ಫೋನುಪದೇಶವೂ ಹೋಯಿತು: “ನೋಡಮ್ಮ, ಒಂದು ಸಲಕ್ಕೆ ಒಂದೇ ಸಣ್ಣ ತಿದ್ದುಪಡಿ. ಪ್ರತಿಯೊಂದಕ್ಕೂ ಸ್ಪಷ್ಟವಾದ ಕಾರಣ ಬರೆಯಬೇಕು. ಕೈಹಾಕುವ ಮುನ್ನ ಬೇರೆಯವರು ಮಾಡಿದ್ದನ್ನು ಇಳಿಸಿಕೊಂಡು ನೋಡಬೇಕು.”

“ಆಯ್ತು ಅಣ್ಣ,” ಎಂದ ಶಿವರಂಜನಿ ಹೇಳಿದಂತೆಯೇ ಮಾಡಿದಳು. ಮೂರನೆಯ ಸಾಲಾಗಿ ‘ರಸ ಕುದಿಯುವಾಗ ಕಲ್ಲುಪ್ಪು ಮುಕ್ಕಾಲು ಕಿಲೋ’ ಎಂದು ಸೇರಿಸಿ, ‘ಕಾರಣ: ಉಪ್ಪು ಬಿಟ್ಟುಹೋಗಿತ್ತು’ ಎಂದು ದಾಖಲಿಸಿದಳು.

ಅದೇ ಸಂಜೆ ಚಾಮರಾಜನಗರದಲ್ಲಿ ಮೇಷ್ಟ್ರಿಗೂ ಉಪ್ಪಿನ ಜ್ಞಾನೋದಯವಾಯಿತು. ಗುರುಗಳಿಗೆ ಶಿಷ್ಯರ ನಿಯಮ ಅನ್ವಯಿಸದಷ್ಟೆ? ಏನನ್ನೂ ಇಳಿಸಿಕೊಂಡು ನೋಡದೆ, ಕಡೆಯ ಸಾಲಾಗಿ ‘ಇಳಿಸುವ ಮುನ್ನ ಕಲ್ಲುಪ್ಪು ಮುಕ್ಕಾಲು ಕಿಲೋ’ ಎಂದು ಬರೆದು, ಕಾರಣದ ಜಾಗದಲ್ಲಿ ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಒಗೆದರು. ಮೂರನೆಯ ಸಾಲೆಲ್ಲಿ, ಹತ್ತೊಂಬತ್ತನೆಯದೆಲ್ಲಿ! ಗಿಟ್ ಎರಡನ್ನೂ ಮರುಮಾತಿಲ್ಲದೆ ಹೊಲಿಯಿತು.

“ನೋಡಿದೆಯಾ ಗಂಗಾ? ಎರಡು ಊರು, ಒಂದು ಗೊಜ್ಜು, ಘರ್ಷಣೆ ಸೊನ್ನೆ!”

“ಸೇರಿದ್ಮ್ಯಾಲ ಒಂದ್ಸಲ ಪೂರ್ತಿ ಓದ್ಬುಡಿ ಅಂತೀನಿ.”

“ಓದುವುದೆಂದರೆ ಯಂತ್ರವನ್ನು ಅವಮಾನಿಸಿದಂತೆ,” ಎಂದರು, ನಲವತ್ತಾರು ವರ್ಷ ಸಂಶಯವೊಂದನ್ನೇ ಮನೆದೇವರಾಗಿ ಪೂಜಿಸಿದ್ದ ಮರಿಮಲ್ಲಪ್ಪನವರು.

ಗೃಹಪ್ರವೇಶದ ಹಿಂದಿನ ದಿನ ಅವರು ಪ್ರಿಂಟು ತೆಗೆಸಿಕೊಂಡು ಬೈಕಿನಲ್ಲಿ ಮುಂದಾಗಿ ಗುಂಡ್ಲುಪೇಟೆ ಸೇರಿದರು. ತಾಯಿ-ಮಗಳು ಸಂಜೆಯ ಬಸ್ಸಿಗೆ ಬರುವವರಿದ್ದರು. ಹಿತ್ತಲಿನಲ್ಲಿ ಅಡುಗೆಯ ನಿಂಗಯ್ಯ ಕೊಪ್ಪರಿಗೆ ಇಟ್ಟಿದ್ದ. ಮೇಷ್ಟ್ರು ಸಾಲು ಸಾಲಾಗಿ ಓದಿದರು, ಅವನು ಸಾಲು ಸಾಲಾಗಿ ಹಾಕಿದ. ಹತ್ತೊಂಬತ್ತಕ್ಕೆ ಬಂದಾಗ ಸೌಟು ನಿಂತಿತು.

“ಮೇಷ್ಟ್ರೇ, ಉಪ್ಪ ಆಗ್ಲೇ ಆಕ್ಬುಟ್ಟಿವಿ ಕಣಿ.”

“ಅದು ಮೂರನೇ ಸಾಲಿನ ಉಪ್ಪು. ಇದು ಹತ್ತೊಂಬತ್ತನೇ ಸಾಲಿನದು.”

“ಎರಡೂ ಉಪ್ಪೇ ಅಲ್ವರಾ?”

“ಘರ್ಷಣೆ ಇದ್ದಿದ್ದರೆ ಗಿಟ್ ಹೇಳುತ್ತಿತ್ತು.”

“ಯಾರು ಅವ್ರು? ಅವ್ರ್ನೇ ಕರೀರಿ, ಒಂದ್ ತೊಟ್ಟು ನಾಲ್ಗ ಮ್ಯಾಲ ಬುಡನ.”

“ರುಚಿ ನೋಡುವುದು ಅನುಮಾನಸ್ಥರ ಲಕ್ಷಣ. ಹಾಕಯ್ಯಾ!”

ನಿಂಗಯ್ಯ ಆಕಾಶದ ಕಡೆ ನೋಡಿ ಹಾಕಿದ.

ಸಂಜೆ ಬಸ್ಸಿಳಿದು ಬಂದ ಗಂಗಾಂಬಿಕೆ ಬೆರಳ ತುದಿಯಲ್ಲಿ ಗೊಜ್ಜನ್ನು ನಾಲಿಗೆಗೆ ತಾಗಿಸಿದರು. ಮುಖದ ಬಣ್ಣ ಇಳಿಯಿತು. “ಏನೀ ಇದು? ನಾಳ ನನ್ ಮರ್ವಾದಿ ಗತಿ ಏನೀ?”

“ಅಷ್ಟೇನಿಲ್ಲ,” ಎಂದು ಮೇಷ್ಟ್ರು ಎಲ್ಲರೆದುರು ಒಂದು ಸೌಟು ಅನ್ನಕ್ಕೆ ಕಲಸಿಕೊಂಡು ಪಟ್ಟಾಗಿ ಕೂತು ತಿಂದರು. ಕಣ್ಣಲ್ಲಿ ನೀರು ಬಂತು. “ಸೊಗಸಾಗಿದೆ,” ಎಂದರು. ಆಮೇಲೆ ಎರಡು ಚೊಂಬು ನೀರು ಕುಡಿದರು.

ಪುಟ್ಟಸಿದ್ದಮ್ಮ ಅಳಿಯನತ್ತ ತಿರುಗಿಯೂ ನೋಡಲಿಲ್ಲ. “ನಿಂಗಯ್ಯ, ಇನ್ನೊಂದ್ ಕೊಪ್ರಿಗ ಇಡಪ್ಪ. ಎಲ್ಲನೂವೆ ಇನ್ನೊಂದ್ ದಪ ಅಷ್ಟೇ ಆಕು, ಉಪ್ಪ್ ಮಾತ್ರ ಮುಟ್ಬ್ಯಾಡ. ಎರಡ್ನೂ ಬೆರ್ಸನ.”

ಮರ್ಯಾದೆ ಉಳಿಯಿತು. ಬೀಗರು ಕೈ ನೆಕ್ಕಿಕೊಂಡು ಉಂಡರು. ಆದರೆ ಮುನ್ನೂರು ಎಲೆಯ ಗೊಜ್ಜಿನಲ್ಲಿ ನೂರೈವತ್ತು ಎಲೆಯದು ಉಳಿಯಿತು. ಅದರ ಆರು ಡಬ್ಬಗಳು ಚಾಮರಾಜನಗರಕ್ಕೆ ಬಂದವು.

ಮನೆಗೆ ಬಂದವರೇ ಮೇಷ್ಟ್ರು ಹತ್ತೊಂಬತ್ತನೆಯ ಸಾಲನ್ನು ಸದ್ದಿಲ್ಲದೆ ಅಳಿಸಹೊರಟರು. ಆಗಲಿಲ್ಲ. ಬರಹ ಇಟ್ಟಿದ್ದ ಖಾತೆಯನ್ನು ಅವರೇ ಗಂಗಾಂಬಿಕೆಯ ಹೆಸರಿನಲ್ಲಿ ತೆರೆದಿದ್ದರು. ಆಕೆ ದಾರಿಯಲ್ಲೇ, ಬಸ್ಸಿನಲ್ಲಿ ಕೂತು, ಶಿವರಂಜನಿ ಹೇಳಿಕೊಟ್ಟಂತೆ ಫೋನಿನಲ್ಲೇ, ತನ್ನ ಒಪ್ಪಿಗೆಯಿಲ್ಲದೆ ಯಾರ ತಿದ್ದುಪಡಿಯೂ ಸೇರದಂತೆ ಬೀಗ ಹಾಕಿದ್ದರು.

“ಕಾರಣ ಬರ್ದು ಕಳ್ಸಿ, ನೋಡ್ತೀನಿ. ಆ ಸಾಲು ಅಲ್ಲಿರೋಗಂಟ ಈ ಮನೇಲಿ ಬ್ಯಾರೆ ಅಡ್ಗ ಇಲ್ಲ.”

ಮೇಷ್ಟ್ರು ಬರೆದರು: ‘ತಂತ್ರಾಂಶದ ಮಿತಿಯಿಂದ ಸಂಭವಿಸಿದ ಲವಣಾಧಿಕ್ಯದ ನಿವಾರಣೆ.’ ವಾಪಸ್ಸು ಬಂತು. ‘ಎರಡು ಊರುಗಳ ಏಕಕಾಲಿಕ ಲವಣಚಿಂತನೆಯ ಪರಿಣಾಮ.’ ವಾಪಸ್ಸು. ಜೊತೆಗೆ ಗಂಗಾಂಬಿಕೆಯ ಟಿಪ್ಪಣಿ: ‘ಯಾರು, ಏನು ಮಾಡಲಿಲ್ಲ, ಅದನ್ನು ಬರೆಯಿರಿ.’

“ಪ್ರಾಣ ಹೋದರೂ ಬರೆಯುವುದಿಲ್ಲ!”

“ಬರೀಬ್ಯಾಡಿ. ಕೈ ತೊಳ್ಕ ಬನ್ನಿ, ಹುಳಿಯನ್ನ ಆಗದೆ.”

ಬೆಳಿಗ್ಗೆ ಹುಳಿಯನ್ನ, ಶಾಲೆಯ ಡಬ್ಬಿಗೆ ಹುಳಿಯನ್ನ, ರಾತ್ರಿ ಹುಳಿಯನ್ನ. ಮೇಷ್ಟ್ರು ತತ್ವಕ್ಕಾಗಿ ಒಂಬತ್ತು ದಿನ ಉಂಡರು. ಹತ್ತನೆಯ ದಿನ, ಪಕ್ಕದ ಮನೆಯಿಂದ ಬಸ್ಸಾರಿನ ಒಗ್ಗರಣೆ ಗಾಳಿಯಲ್ಲಿ ತೇಲಿಬಂದಾಗ, ಕಂಪ್ಯೂಟರಿನ ಮುಂದೆ ಕೂತು ಹಲ್ಲು ಕಚ್ಚಿ ಬರೆದರು: ‘ಪೂರ್ತಿ ಓದಲಿಲ್ಲ. ರುಚಿ ನೋಡಲಿಲ್ಲ. ತಪ್ಪು ನನ್ನದು. ಮರಿಮಲ್ಲಪ್ಪ.’

ಅರ್ಧ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಬಸ್ಸಾರೂ ಸಿಕ್ಕಿತು. ಮನೆಯ ವಿಷಯ ಮನೆಯಲ್ಲೇ ಮುಗಿಯಿತೆಂದು ಮೇಷ್ಟ್ರು ನೆಮ್ಮದಿಯಿಂದ ನಿದ್ದೆ ಮಾಡಿದರು.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂಗಯ್ಯ ನಿಂತಿದ್ದ. ಕೈಯಲ್ಲಿ ಆ ನಾಲ್ಕು ಮಾತುಗಳ ದಪ್ಪಕ್ಷರದ ಪ್ರಿಂಟು, ಶಿವರಂಜನಿ ತೆಗೆದುಕೊಟ್ಟಿದ್ದಳಂತೆ.

“ಅಡ್ಗ ಶೆಡ್ಡಲ್ಲಿ ಕಟ್ಟು ಆಕ್ಸಿ ತಗುಲಾಕ್ತೀನಿ ಕಣಿ, ಮೇಷ್ಟ್ರೇ. ಚೀಟಿ ಇಡ್ಕಂಡು ಒಲ ಮುಂದ ನಿಲ್ಲೋರು ಬಾಳ ಆಗವ್ರೆ. ಕೆಳಗ ಒಂದ್ ಸಹಿ ಆಕ್ಬುಡಿ, ಜನ ನಂಬ್ಬೇಕಲ್ಲ.”

ಮರಿಮಲ್ಲಪ್ಪನವರು ಎದೆ ಸೆಟೆಸಿ, ಕಾಗದವನ್ನು ಕಿತ್ತುಕೊಂಡು, ಕೆಂಪು ಪೆನ್ನು ತೆಗೆದರು. ಈ ಬಾರಿ ಮೊದಲಿಂದ ಕಡೆಯವರೆಗೆ ಎರಡು ಸಲ ಓದಿದರು. ತಿದ್ದಲು ಒಂದಕ್ಷರವೂ ಸಿಗಲಿಲ್ಲ. ಸಹಿ ಹಾಕಿದರು.